ಕಲ್ಲು, ಕಡತ, ಪತ್ರಿಕೆ, ಅಜ್ಜಿಯ ಮಾತು: ಹೆಣ್ಣಿನ ಚರಿತ್ರೆಗೆ ಯಾವ ಆಕರ ಹಿಡಿಯಬೇಕು?

ಎಂ.ಎ. ಮುಗಿಸಿ ಸಂಶೋಧನೆಗೆ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮಹಿಳಾ ಚರಿತ್ರೆ ಮಾಡಬೇಕು ಅಂತಿದೀನಿ, ಆಕರ ಎಲ್ಲಿ ಸಿಗುತ್ತೆ?" ಆಕರ ಎಲ್ಲ ಕಡೆ ಸಿಗುತ್ತದೆ. ಊರ ಹೊರಗಿನ ಕಲ್ಲಿನಲ್ಲಿ ಸಿಗುತ್ತದೆ, ವಿಧಾನಸೌಧದ ಪತ್ರಾಗಾರದಲ್ಲಿ ಸಿಗುತ್ತದೆ, ನಿಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲೂ ಸಿಗುತ್ತದೆ. ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಎಷ್ಟು ನಂಬಬೇಕು ಅನ್ನುವುದೇ ಕಷ್ಟ. ಅದನ್ನು ಸರಿಯಾಗಿ ಹೇಳಿಕೊಡುವವರು ಕಡಿಮೆ. ಹಾಗಾಗಿ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಸುಮ್ನೆ ಆಕರಗಳ ಹೆಸರು ಹೇಳುತ್ತಾ ಹೋದರೆ ಪ್ರಯೋಜನ ಇಲ್ಲ. ಒಂದು ಪ್ರಶ್ನೆ ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ ಗಂಡ ಸತ್ತ ಮೇಲೆ ಹೆಂಗಸು ಹೇಗೆ ಬದುಕಿದಳು? ಇದೇ ಪ್ರಶ್ನೆಯನ್ನು ನಾಲ್ಕು ಥರದ ಆಕರಗಳ ಮುಂದೆ ಇಡೋಣ. ಒಂದೊಂದೂ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ, ನೋಡೋಣ.

ಮೊದಲು ಕಲ್ಲು

ಶಾಸನಗಳಿಂದ ಶುರು ಮಾಡುವವರು ಜಾಸ್ತಿ. ಯಾಕಂದ್ರೆ ಸುಲಭವಾಗಿ ಕೈಗೆ ಸಿಗುತ್ತವೆ. ಬಿ.ಎಲ್. ರೈಸ್ ಹೊರತಂದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿವೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ರೈಸ್ ಶಾಸನಗಳನ್ನು ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ. ಹಾಗಾಗಿ ನಿಮ್ಮ ತಾಲ್ಲೂಕಿನ ಶಾಸನಗಳನ್ನು ಹುಡುಕಲು ಒಂದು ಸಂಜೆ ಸಾಕು.

ವಿಧವೆಯ ಬಗ್ಗೆ ಕೇಳಿದರೆ ಕಲ್ಲು ಮೊದಲು ತೋರಿಸುವುದು ಮಾಸ್ತಿಕಲ್ಲನ್ನು, ಅಂದರೆ ಸತಿ ಹೋದವಳ ನೆನಪಿಗೆ ನೆಟ್ಟ ಕಲ್ಲನ್ನು. ಒಂದು ಕಂಬ, ಕಂಬದಿಂದ ಹೊರಗೆ ಚಾಚಿದ ತೋಳು, ಮೊಣಕೈ ಹತ್ತಿರ ಮಡಚಿ ಮೇಲಕ್ಕೆತ್ತಿದ ಕೈ, ಕೈತುಂಬ ಬಳೆ. ಕೆಲವು ಕಲ್ಲುಗಳಲ್ಲಿ ಬೆರಳ ನಡುವೆ ಒಂದು ನಿಂಬೆಹಣ್ಣು. ಆ ಬಳೆಗಳನ್ನು ಹತ್ತಿರ ಹೋಗಿ ನೋಡಿ. ಅವು ಒಡೆದಿಲ್ಲ. ಗಂಡನ ಜೊತೆ ಬೆಂಕಿಗೆ ಹೋದವಳು ವಿಧವೆಯೇ ಅಲ್ಲ, ಮುತ್ತೈದೆಯಾಗಿಯೇ ಹೋದಳು ಅಂತ ಆ ಶಿಲ್ಪ ಹೇಳುತ್ತಿದೆ. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆಯ ಕಥೆ ಇದೆ. ಗಂಡ ಏಚನನ್ನು ಕೊಲ್ಲಿಸಿದರು ಅನ್ನುವ ಸುದ್ದಿ ಬಂತು, ತಂದೆತಾಯಿ ಬೇಡ ಬೇಡ ಅಂದರು, ಆಕೆ ಕೇಳದೆ ಬೆಂಕಿ ಹೊಕ್ಕಳು. ಓದುವಾಗ ಗಂಟಲು ಕಟ್ಟುತ್ತದೆ. ಆದರೆ ಆ ಮಾತು ದೇಕಬ್ಬೆಯದಲ್ಲ. ಆಕೆ ಸತ್ತ ಮೇಲೆ ಬೇರೆಯವರು ಬರೆಸಿದ್ದು. ಅವಳು ಏನಂದಳು ಅಂತ ಬದುಕಿ ಉಳಿದವರು ಹೇಗೆ ನೆನೆಯಬೇಕು ಅಂದುಕೊಂಡರೋ ಅದು ನಮಗೆ ಸಿಕ್ಕಿದೆ.

ಈಗ ಇನ್ನೊಂದು ಕಲ್ಲು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ, ಹತ್ತನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತು ಅನ್ನುವ ನಾಡಿನ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ, ಆಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಆಳಿದಳು. ಕೊನೆಗೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಸಲ್ಲೇಖನ, ಅಂದರೆ ಊಟ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನ ವ್ರತ, ಹಿಡಿದಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ!

ಎರಡೂ ಕಲ್ಲು ನಿಜ, ಎರಡೂ ಮೂಲ ಆಕರ. ಬರೀ ಮಾಸ್ತಿಕಲ್ಲು ಎಣಿಸುತ್ತಾ ಹೋದರೆ ನಿಮಗೆ ಆ ಕಾಲದ ವಿಧವೆಯರೆಲ್ಲ ಬೆಂಕಿಗೆ ಬಿದ್ದ ಹಾಗೆ ಕಾಣುತ್ತದೆ. ಆದರೆ ಸುಮ್ಮನೆ ಬದುಕಿ, ಹೊಲ ಮಾಡಿ, ಮಕ್ಕಳನ್ನು ಸಾಕಿ ಮುದುಕಿಯಾಗಿ ಸತ್ತವಳಿಗೆ ಯಾರೂ ಕಲ್ಲು ನೆಡಿಸುವುದಿಲ್ಲ ಅಲ್ವಾ? ಕಲ್ಲಿಗೆ ದುಡ್ಡು ಬೇಕು, ಕಾರಣ ಬೇಕು. ದಾನ, ಸಾವು, ಅಧಿಕಾರ, ಇಷ್ಟಕ್ಕೇ ಕಲ್ಲು ಬಾಯಿ ಬಿಡುವುದು. ದಿನನಿತ್ಯದ ಬದುಕಿನ ಪ್ರಶ್ನೆ ಇದ್ದರೆ ಶಾಸನವನ್ನೇ ನಂಬಿ ಕೂರಬೇಡಿ.

ಶಾಸನ ಹಿಡಿದವರಿಗೆ ಇನ್ನೊಂದು ಮಾತು. ಅನುವಾದವನ್ನಷ್ಟೇ ಓದಬೇಡಿ, ಕನ್ನಡ ಪಾಠವನ್ನೇ ಓದಿ. ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ ಒಂದು ಶಾಸನವಿದೆ. ಅದರಲ್ಲಿ ವಿನಾಪೋಟಿ ಅನ್ನುವವಳನ್ನು ರಾಜನ ಪ್ರಾಣವಲ್ಲಭೆ ಅಂತ ಕರೆದು, ಅವಳಿಗೆ 'ಸೂಳೆಯರ್' ಅನ್ನುವ ಪದವನ್ನು ಗೌರವದ ಬಹುವಚನದಲ್ಲಿ ಬಳಸಿದ್ದಾರೆ. ಅವಳ ವಂಶವನ್ನು ತಾಯಿ, ಅಜ್ಜಿಯ ಹೆಸರಿನಿಂದ ಹೇಳಿದ್ದಾರೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟವಳು ಅವಳು. ಇವತ್ತಿನ ಬೈಗುಳದ ಅರ್ಥ ಇಟ್ಟುಕೊಂಡು ಆ ಶಾಸನ ಓದಿದರೆ ಪೂರಾ ದಾರಿ ತಪ್ಪುತ್ತೀರಿ. ಹಂಗಂತ ಆ ಪದಕ್ಕೆ ಆಗ ಪೂರ್ತಿ ಗೌರವವೇ ಇತ್ತು ಅಂತ ಒಂದೇ ಶಾಸನದಿಂದ ತೀರ್ಮಾನ ಮಾಡುವುದೂ ತಪ್ಪು. ಅದೇ ಪದ ಬೇರೆ ಬೇರೆ ಕಾಲದಲ್ಲಿ ಹೇಗೆ ಬಂದಿದೆ ಅಂತ ಹತ್ತು ಕಡೆ ನೋಡಿ, ಆಮೇಲೆ ಬಾಯಿ ಬಿಡಿ.

ಸರ್ಕಾರದ ಕಡತ

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಕಾಗದದ ರಾಶಿ. ಜನಗಣತಿ ವರದಿ, ಕಾಯ್ದೆ, ಕೋರ್ಟಿನ ತೀರ್ಪು, ಮುಜರಾಯಿ ಫೈಲು, 1881ರಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡಾವಳಿ. ಇದರ ದೊಡ್ಡ ಗುಣ ಅಂದರೆ ತಾರೀಖು ಖಚಿತವಾಗಿರುತ್ತದೆ, ಸಂಖ್ಯೆ ಸಿಗುತ್ತದೆ. ಒಂದು ನಿರ್ಧಾರ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತು ಅಂತ ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತದೆ. 1894ರ ಮೈಸೂರಿನ ಬಾಲ್ಯವಿವಾಹ ತಡೆ ಕಾಯ್ದೆಯನ್ನೇ ತೆಗೆದುಕೊಳ್ಳಿ. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ ಅಂತ ಅದು ಹೇಳಿತು. ಈ ಸಂಖ್ಯೆಗಳನ್ನು ಹಾಗೇ ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ಆಗ ಏನೆಲ್ಲ ನಡೆಯುತ್ತಿತ್ತು ಅಂತ ಗೊತ್ತಾಗುತ್ತದೆ. ನಿಷೇಧ ಮಾಡುವ ಕಾನೂನು ಒಂದು ರೀತಿಯಲ್ಲಿ ಇದ್ದ ಪದ್ಧತಿಗೆ ಸಾಕ್ಷಿ.

ಆದರೆ ಎಲ್ಲಿ ಹುಡುಕಬೇಕು ಅನ್ನುವುದರಲ್ಲೇ ಜನ ಸುಸ್ತಾಗುತ್ತಾರೆ. ಇವತ್ತಿನ ಕರ್ನಾಟಕ 1956ರಲ್ಲಿ ಒಂದಾಗಿದ್ದು. ಅದಕ್ಕೆ ಮುಂಚಿನ ಕಾಗದಗಳು ಆಗಿನ ರಾಜಧಾನಿಗಳ ಹಿಂದೆ ಹೋಗಿವೆ. ಹಳೇ ಮೈಸೂರಿನ ಕಡತ ಬೇಕಾದರೆ ಬೆಂಗಳೂರು, ಮೈಸೂರಿನ ಪತ್ರಾಗಾರ. ಧಾರವಾಡ, ಬೆಳಗಾವಿ, ವಿಜಯಪುರಕ್ಕೆ ಮುಂಬೈ, ಪುಣೆಗೂ ಹೋಗಬೇಕಾಗುತ್ತದೆ. ದಕ್ಷಿಣ ಕನ್ನಡಕ್ಕೆ ಚೆನ್ನೈ, ಕಲಬುರಗಿ ಕಡೆಗೆ ಹೈದರಾಬಾದ್. ಕಾರವಾರದವರು ಇನ್ನೂ ಎಚ್ಚರವಾಗಿರಬೇಕು, ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಆಡಳಿತಕ್ಕೆ ಹೋಯಿತು, ಹಾಗಾಗಿ ಅದಕ್ಕೂ ಹಿಂದಿನದು ಒಂದು ಕಡೆ, ಆಮೇಲಿನದು ಇನ್ನೊಂದು ಕಡೆ. ಭಾಷೆಯೂ ಅಷ್ಟೇ. ಮುಂಬೈ ಕಡೆ ಮೋಡಿ ಲಿಪಿ, ಅಂದರೆ ಮರಾಠಿ ಬರೆಯುತ್ತಿದ್ದ ಹಳೆಯ ಕೂಡುಬರಹ, ಎದುರಾಗುತ್ತದೆ, ನಿಜಾಮರ ಕಡೆ ಉರ್ದು, ಫಾರ್ಸಿ. ಮೋಡಿ ಬಾರದೆ ಪುಣೆಗೆ ಹೋಗಿ ವಾಪಸು ಬಂದವರನ್ನು ನಾನು ನೋಡಿದ್ದೇನೆ. ಲಿಪಿ ಬರುತ್ತದೆಯಾ ಅಂತ ನೋಡಿಕೊಂಡು ವಿಷಯ ಆರಿಸಿಕೊಳ್ಳಿ, ಇದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು ಸಣ್ಣ ಗುಟ್ಟು. ನಮ್ಮ ಕಡೆಯ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ 'ಬಿನ್' (ಇಂಥವರ ಮಗ), ಮದುವೆಯಾದ ಹೆಂಗಸಿನ ಮುಂದೆ 'ಕೋಂ' (ಇಂಥವರ ಹೆಂಡತಿ) ಅಂತ ಇರುತ್ತದೆ. 'ಲಕ್ಷ್ಮಮ್ಮ ಕೋಂ ಲೇಟ್ ರಾಮಯ್ಯ' ಅಂದರೆ ದಿವಂಗತ ರಾಮಯ್ಯನ ಹೆಂಡತಿ. ಸೂಚಿಯಲ್ಲಿ ಲಕ್ಷ್ಮಮ್ಮನನ್ನು ಹುಡುಕಿದರೆ ಸಿಗದೆ ಇರಬಹುದು. ರಾಮಯ್ಯನನ್ನು ಹುಡುಕಿ, ಅವನ ಬೆನ್ನ ಹಿಂದೆ ಆಕೆ ಇರುತ್ತಾಳೆ. 'ಕೋಂ ಲೇಟ್' ಅನ್ನುವ ಎರಡು ಪದದ ಮೇಲೆ ಕಣ್ಣಾಡಿಸುತ್ತಾ ಒಂದು ಹಳ್ಳಿಯ ಜಮೀನು ದಾಖಲೆ ತಿರುವಿದರೆ ಆ ಊರಿನಲ್ಲಿ ಎಷ್ಟು ವಿಧವೆಯರ ಹೆಸರಲ್ಲಿ ಹೊಲ ಇತ್ತು ಅಂತ ಒಂದು ಅಂದಾಜು ಸಿಗುತ್ತದೆ. ಆ ಹೊಲ ನಿಜವಾಗಿ ಅವಳ ಕೈಯಲ್ಲಿತ್ತಾ ಅನ್ನುವುದು ಬೇರೆ ಪ್ರಶ್ನೆ.

ಜನಗಣತಿಯ ವಿಷಯದಲ್ಲಿ ಹುಷಾರು. ವಯಸ್ಸಿನ ಪ್ರಕಾರ ವಿವಾಹಿತೆ, ವಿಧವೆ ಅಂತ ಪಟ್ಟಿ ಇರುತ್ತದೆ. ಎಳೆಯ ಮಕ್ಕಳ ಕಾಲಮ್ಮಿನಲ್ಲೂ ವಿಧವೆಯರ ಸಂಖ್ಯೆ ಇರುತ್ತದೆ, ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಗಣತಿಯವನು ಮನೆ ಬಾಗಿಲಲ್ಲಿ ನಿಂತು ಕೇಳಿದ್ದು ಯಾರನ್ನು? ಸಾಮಾನ್ಯವಾಗಿ ಮನೆಯ ಯಜಮಾನನನ್ನು. ವಯಸ್ಸು ಎಲ್ಲ ಇಪ್ಪತ್ತು, ಮೂವತ್ತು, ನಲವತ್ತು ಅಂತ ಅಂದಾಜಿನದು. ದೊಡ್ಡವಳಾದರೂ ಮದುವೆಯಾಗದ ಮಗಳ ವಯಸ್ಸು ಕಡಿಮೆ ಹೇಳುವುದೂ ಇತ್ತು. ಹಾಗಾಗಿ ಅಂಕಿಯನ್ನು ದಿಕ್ಕು ತೋರಿಸಲು ಬಳಸಿ, ಕೊನೆಯ ಮಾತು ಅಂತ ಬಳಸಬೇಡಿ.

ಹೆಂಗಸರೇ ಬರೆದದ್ದು

"ಅವರೇ ಬರೆದದ್ದು ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದಲ್ವಾ?" ಅಂತ ಕೇಳುತ್ತಾರೆ. ಹೌದು, ಒಳ್ಳೆಯದೇ. ಆದರೆ ಸುಲಭ ಅಲ್ಲ.

ನಂಜನಗೂಡಿನ ತಿರುಮಲಾಂಬ ಅವರನ್ನು ನೋಡಿ. 1887ರಲ್ಲಿ ಹುಟ್ಟಿದರು, ಹದಿಹರೆಯದಲ್ಲೇ ವಿಧವೆಯಾದರು, 1913ರಲ್ಲಿ 'ಸತೀಹಿತೈಷಿಣೀ' ಅಂತ ಗ್ರಂಥಮಾಲೆ ಶುರು ಮಾಡಿದರು, ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಾ? ವಿಧವೆಯೊಬ್ಬಳು ತಾನೇ ಬರೆದು, ತಾನೇ ಪ್ರಕಟಿಸಿ, ಬೇರೆ ಹೆಂಗಸರಿಗೆ ತಲುಪಿಸಿದ್ದು. ಆದರೆ ಓದಲು ಕೂತಾಗ ಹೊಸಬರಿಗೆ ನಿರಾಸೆಯಾಗುತ್ತದೆ. ಬಂಡಾಯ ಹುಡುಕಿಕೊಂಡು ಹೋದವರಿಗೆ ಅಲ್ಲಿ ಪಾತಿವ್ರತ್ಯದ ಮಾತು ಸಿಗುತ್ತದೆ. ಗ್ರಂಥಮಾಲೆಯ ಹೆಸರಲ್ಲೇ 'ಸತೀ' ಇದೆ. ಆಗ ಕೆಲವರು ಪುಸ್ತಕ ಮುಚ್ಚಿಬಿಡುತ್ತಾರೆ. ದಯವಿಟ್ಟು ಮುಚ್ಚಬೇಡಿ. ಆ ಕಾಲದಲ್ಲಿ ವಿಧವೆಯೊಬ್ಬಳ ಬರಹ ಮನೆಮನೆಯ ಒಳಕ್ಕೆ ಹೋಗಬೇಕಾದರೆ ಯಾವ ಬಾಗಿಲಿನಿಂದ ಹೋಗಬೇಕಿತ್ತು ಅಂತ ಯೋಚಿಸಿ. ಅವರು ಏನು ಹೇಳಿದರು ಅನ್ನುವುದರ ಜೊತೆಗೆ ಏನು ಮಾಡಿದರು ಅಂತ ನೋಡಿ. ಮಾತು ಒಂದು ಕಡೆ, ಬದುಕು ಇನ್ನೊಂದು ಕಡೆ ಎಳೆಯುತ್ತದೆ. ಆ ಎಳೆತವೇ ನಿಮ್ಮ ಅಧ್ಯಾಯ.

ಪತ್ರಿಕೆ ಸಿಕ್ಕಿದರೆ ಕಥೆ, ಲೇಖನ ಮಾತ್ರ ಓದಿ ಬಿಡಬೇಡಿ. ಓದುಗರ ಪತ್ರ, ಜಾಹೀರಾತು, ಚಂದಾ ವಿವರ ಎಲ್ಲ ಓದಿ. ಯಾರು ದುಡ್ಡು ಕೊಟ್ಟು ಓದುತ್ತಿದ್ದರು ಅನ್ನುವುದಕ್ಕೆ ಅಲ್ಲಿ ಸುಳಿವು ಇರುತ್ತದೆ. ಹಾಗೇ ಒಂದು ಮಿತಿ ಯಾವಾಗಲೂ ನೆನಪಿರಲಿ. ಆ ಕಾಲಕ್ಕೆ ಅಕ್ಷರ ಗೊತ್ತಿದ್ದ ಹೆಂಗಸರೇ ಬೆರಳೆಣಿಕೆ. ಅದರಲ್ಲಿ ಬ್ರಾಹ್ಮಣ ಮನೆಯವರೇ ಜಾಸ್ತಿ. ಕೂಡಿಕೆ, ಸೀರುಡಿಕೆ ಮಾಡಿಕೊಂಡು ಮತ್ತೆ ಸಂಸಾರ ಕಟ್ಟಿದ ಎಷ್ಟೋ ಜಾತಿಗಳ ವಿಧವೆಯರ ಬದುಕು ಈ ಪತ್ರಿಕೆಗಳಲ್ಲಿ ಕಾಣುವುದಿಲ್ಲ. ತಲೆ ಬೋಳಿಸಿದ, ಕೆಂಪು ಸೀರೆ ಉಟ್ಟ ಮಡಿ ಹೆಂಗಸನ್ನೇ ಕರ್ನಾಟಕದ ವಿಧವೆ ಅಂತ ಬರೆದುಬಿಟ್ಟರೆ ಅದು ತಪ್ಪು ಚರಿತ್ರೆ. ಈ ತಪ್ಪು ಬಹಳ ಪ್ರಬಂಧಗಳಲ್ಲಿ ಕಾಣುತ್ತದೆ, ನನಗೆ ಬೇಜಾರು ತರುವ ವಿಷಯ ಇದು.

ಅಚ್ಚಾದ ಪುಸ್ತಕ ಹಿಡಿದಾಗ ಯಾವ ಮುದ್ರಣ ಅಂತ ನೋಡುವುದು ಕಡ್ಡಾಯ. ಇದಕ್ಕೆ ನಂಜನಗೂಡಿನಲ್ಲೇ ಹುಟ್ಟಿದ ಇನ್ನೊಬ್ಬರ ಉದಾಹರಣೆ ಇದೆ. ದೇವದಾಸಿ ಮನೆತನದ ಗಾಯಕಿ ಬೆಂಗಳೂರು ನಾಗರತ್ನಮ್ಮ. ತಂಜಾವೂರಿನ ಗಣಿಕೆ ಮುದ್ದುಪಳನಿ 18ನೆಯ ಶತಮಾನದಲ್ಲಿ ಬರೆದ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು' 1887ರಲ್ಲಿ ಅಚ್ಚಾಗಿತ್ತು. ನಾಗರತ್ನಮ್ಮ ಅದನ್ನು ಹಸ್ತಪ್ರತಿಯ ಜೊತೆ ಇಟ್ಟು ನೋಡಿದರು. ಕವಯಿತ್ರಿ ತನ್ನ ಬಗ್ಗೆ, ತನ್ನ ತಾಯಿ ಅಜ್ಜಿಯರ ಬಗ್ಗೆ ಹೇಳಿಕೊಂಡ ಭಾಗವೇ ಅಚ್ಚಿನಲ್ಲಿ ಇರಲಿಲ್ಲ, ಪದ್ಯಗಳೂ ಬಿಟ್ಟುಹೋಗಿದ್ದವು. 1910ರಲ್ಲಿ ಪೂರ್ತಿ ಪಾಠ ಹೊರತಂದರು. ಸರ್ಕಾರ ಅಶ್ಲೀಲ ಅಂತ ಮುಟ್ಟುಗೋಲು ಹಾಕಿತು, ನಿಷೇಧ ಹೋಗಿದ್ದು 1947ರಲ್ಲಿ. ಸಂಪಾದಕರ ಕತ್ತರಿ ಮೊದಲು ಎಲ್ಲಿ ಆಡಿತು ನೋಡಿ, ಹೆಣ್ಣು 'ನಾನು' ಅಂದ ಜಾಗದಲ್ಲಿ. ಅದಕ್ಕೇ ಹೇಳಿದ್ದು, ಎರಡು ಮುದ್ರಣ ಸಿಕ್ಕಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಮಾತು, ಹಾಡು, ಮನೆಯ ಟ್ರಂಕು

ಜಾನಪದ ಹಾಡಿನ ಬಗ್ಗೆ ಎರಡೇ ಮಾತು. ಬೀಸುವ ಕಲ್ಲಿನ ಪದಗಳಲ್ಲಿ ಹೆಂಗಸರ ಮಾತು ತುಂಬಾ ಇದೆ. ಆದರೆ ನಮಗೆ ಪುಸ್ತಕದಲ್ಲಿ ಸಿಗುವುದು ಗಂಡಸರು ಆರಿಸಿದ್ದು. ವಿಜಯಪುರ ಜಿಲ್ಲೆಯ ಹಲಸಂಗಿಯ ಸಾಹಿತಿಗಳ ಗುಂಪು, ಹಲಸಂಗಿ ಗೆಳೆಯರು, 1931ರಲ್ಲಿ ತಂದ ಸಂಗ್ರಹದ ಹೆಸರೇ 'ಗರತಿಯ ಹಾಡು'. ಅವರು ಮಾಡಿದ ಉಪಕಾರ ದೊಡ್ಡದು, ಆ ಹಾಡುಗಳು ಉಳಿದಿದ್ದೇ ಅಂಥವರಿಂದ. ಆದರೂ ಗರತಿ ಅಲ್ಲದವಳ ಹಾಡು ಎಲ್ಲಿ ಹೋಯಿತು ಅಂತ ಕೇಳುವುದು ನಮ್ಮ ಕೆಲಸ.

ಈಗ ನನ್ನ ಮನೆಯ ವಿಷಯ. ನಮ್ಮ ಅಜ್ಜಿಯ ತಂಗಿ, ನಾವು ಚಿಕ್ಕಜ್ಜಿ ಅನ್ನುತ್ತಿದ್ದೆವು, ಹದಿನಾರಕ್ಕೇ ವಿಧವೆಯಾದವರು. ಅವರ ಗಂಡನ ಮನೆಯಲ್ಲಿ ಪಾಲಾದಾಗ ಬರೆದ ವಿಭಾಗ ಪತ್ರ ನನಗೆ ಒಂದು ಟ್ರಂಕಿನ ತಳದಲ್ಲಿ ಸಿಕ್ಕಿತು. ಛಾಪಾ ಕಾಗದ, ಮಡಿಕೆಯ ಜಾಗದಲ್ಲಿ ಹರಿದಿದೆ. ಅದರಲ್ಲಿ ಚಿಕ್ಕಜ್ಜಿಗೆ ಪಾಲಿಲ್ಲ. ವರ್ಷಕ್ಕೆ ಇಷ್ಟು ರಾಗಿ, ಎರಡು ಸೀರೆ, ಇರಲು ಹಿತ್ತಲ ಕಡೆಯ ಒಂದು ಕೋಣೆ. ಕೆಳಗೆ ಅವರ ಹೆಬ್ಬೆಟ್ಟಿನ ಗುರುತು.

ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಬಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥದ್ದು ಬಂದಿದ್ದು 1937ರಲ್ಲಿ. ನಮ್ಮ ಮನೆಯ ಪತ್ರ ಇವೆರಡಕ್ಕಿಂತ ಆಮೇಲಿನದು. ಬರೀ ಕಾಯ್ದೆ ಓದಿದ್ದರೆ ನಾನು "ಮೈಸೂರಿನಲ್ಲಿ ವಿಧವೆಯರ ಸ್ಥಿತಿ ಸುಧಾರಿಸಿತು" ಅಂತ ಬರೆಯುತ್ತಿದ್ದೆ. ಬರೀ ಪತ್ರ ಓದಿದ್ದರೆ "ಅನಕ್ಷರಸ್ಥ ವಿಧವೆ" ಅಂತ ಬರೆಯುತ್ತಿದ್ದೆ, ಹೆಬ್ಬೆಟ್ಟು ಇದೆಯಲ್ಲ. ಆದರೆ ಚಿಕ್ಕಜ್ಜಿಗೆ ಓದು ಬರಹ ಎರಡೂ ಚೆನ್ನಾಗಿ ಬರುತ್ತಿತ್ತು. ಸಂಜೆ ಜೈಮಿನಿ ಭಾರತ ಓದುತ್ತಿದ್ದರು. ನಾನು ಕಾಗದ ತೋರಿಸಿ ಕೇಳಿದೆ. ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ರುಜು ಮಾಡ್ತೀನಿ ಅಂದೆ. ಬೇಡ, ಹೆಬ್ಬೆಟ್ಟು ಸಾಕು ಅಂದ್ರು" ಅಂದರು. ಅಷ್ಟೇ.

ಆ ಒಂದು ವಾಕ್ಯ ಯಾವ ಪತ್ರಾಗಾರದಲ್ಲೂ ಇಲ್ಲ. ಹಾಗಂತ ಬಾಯಿಮಾತು ಎಲ್ಲಕ್ಕಿಂತ ಮೇಲು ಅಂತ ನಾನು ಹೇಳುತ್ತಿಲ್ಲ. ನೆನಪು ಜರುಗುತ್ತದೆ. ಚಿಕ್ಕಜ್ಜಿ ಹೇಳಿದ ಎರಡು ಮೂರು ಘಟನೆಗಳ ವರ್ಷ ದಾಖಲೆಗೆ ಹೊಂದಲಿಲ್ಲ. ಹೊಂದದೇ ಇದ್ದಾಗ ಅವರದು ಸುಳ್ಳು ಅಂತಲ್ಲ, ದಾಖಲೆಯೇ ಸತ್ಯ ಅಂತಲೂ ಅಲ್ಲ, ಎರಡನ್ನೂ ಬರೆದು ವ್ಯತ್ಯಾಸವನ್ನು ಓದುಗರ ಮುಂದೆ ಇಡಬೇಕು. ವರ್ಷ ಕೇಳಬೇಡಿ, ಸಿಗುವುದಿಲ್ಲ. "ಗಾಂಧಿ ತೀರಿಕೊಂಡಾಗ ನೀವು ಈ ಮನೆಗೆ ಬಂದಿದ್ದಿರಾ?" ಅಂತ ಕೇಳಿ, 1948 ತಾನಾಗೇ ಗೊತ್ತಾಗುತ್ತದೆ. "ಆಗ ನಿಮಗೆ ಹೇಗನ್ನಿಸಿತು?" ಅಂತಲೂ ಕೇಳಬೇಡಿ. ನಾನು ಹಾಗೆ ಕೇಳಿದಾಗ ಚಿಕ್ಕಜ್ಜಿ ಸುಮ್ಮನಾದರು. "ಆ ಹಿತ್ತಲ ಕೋಣೆಯಲ್ಲಿ ಏನೇನಿತ್ತು?" ಅಂದಾಗ ಎರಡು ಗಂಟೆ ಮಾತಾಡಿದರು. ಕಿಟಕಿ ಇರಲಿಲ್ಲ, ಒಂದು ಹಂಚು ಒಡೆದು ಬೆಳಕು ಬೀಳುತ್ತಿತ್ತು, ಆ ಬೆಳಕು ಗೋಡೆಯ ಮೇಲೆ ಎಲ್ಲಿಗೆ ಬಂದರೆ ಅಡುಗೆ ಶುರು ಮಾಡಬೇಕು ಅಂತ ಗುರುತು ಇಟ್ಟುಕೊಂಡಿದ್ದರಂತೆ.

ಮಾತಾಡಿಸುವುದು ನಡುಮನೆಯಲ್ಲಿ ಬೇಡ, ಗಂಡುಮಕ್ಕಳು ಪಕ್ಕದಲ್ಲಿ ಕೂತಿದ್ದರೆ ಉತ್ತರವೇ ಬೇರೆ ಆಗುತ್ತದೆ. ಅಡುಗೆಮನೆ, ಹಿತ್ತಲು ಒಳ್ಳೆಯದು. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ, ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಹಕ್ಕು ಅವರಿಗಿದೆ. ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ಐದಾರು ಗಂಟೆ ಬೇಕು, ಆ ಲೆಕ್ಕ ಮೊದಲೇ ಇಟ್ಟುಕೊಳ್ಳಿ.

ಹಾಗಾದರೆ ಯಾವುದು?

ಪ್ರಶ್ನೆ ಅಧಿಕಾರ, ದಾನ, ಧರ್ಮದ್ದಾದರೆ ಮತ್ತು ಕಾಲ ಹಿಂದಿನದಾದರೆ ಕಲ್ಲು ಬಿಟ್ಟು ಗತಿಯಿಲ್ಲ. ಕಾನೂನು, ಆಸ್ತಿ, ಶಾಲೆ, ದೇವದಾಸಿ ಪದ್ಧತಿಯಂಥ ವಿಷಯಕ್ಕೆ ಕಡತ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿದ್ದಕ್ಕೆ ಫೈಲುಗಳ ಜಾಡು ಹಿಡಿಯದೆ ಏನೂ ಹೇಳಲು ಆಗುವುದಿಲ್ಲ, ಹಾಗೇ ಆ ಸೇವೆ ಕಳೆದುಕೊಂಡವರ ಮಾತು ಫೈಲಿನಲ್ಲಿ ಸಿಕ್ಕಿದರೂ ಅದು ಸಾಮಾನ್ಯವಾಗಿ ಅರ್ಜಿಯ ಭಾಷೆಯಲ್ಲಿರುತ್ತದೆ, ಸರ್ಕಾರದ ಕಿವಿಗೆ ಹಿತವಾಗುವ ಹಾಗೆ ಯಾರೋ ಬರೆದುಕೊಟ್ಟದ್ದು. ಹೆಂಗಸರ ವಿಚಾರಗಳ ಚರಿತ್ರೆ ಬೇಕಾದರೆ ಪತ್ರಿಕೆ. ಮನೆಯೊಳಗಿನ ಬದುಕು ಬೇಕಾದರೆ ಮಾತು ಮತ್ತು ಟ್ರಂಕು. ಜೋಗಪ್ಪ (ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣಿನ ವೇಷದಲ್ಲಿ ಬದುಕುವವರು), ಹಿಜಡಾ ಸಮುದಾಯಗಳ ಚರಿತ್ರೆ ಮಾಡುವವರಿಗೂ ಇದನ್ನೇ ಹೇಳುತ್ತೇನೆ, ಸರ್ಕಾರದ ಕಾಗದದಲ್ಲಿ ಅವರು ಹೆಚ್ಚಾಗಿ ಪೊಲೀಸರ ಕಣ್ಣಿನಿಂದ ಕಾಣುತ್ತಾರೆ. ಅವರ ಹಾಡು, ಅವರೇ ಹೇಳಿಕೊಂಡ ಕಥೆ ಇಲ್ಲದೆ ಮುಂದೆ ಹೋಗಬೇಡಿ.

ಯಾವುದನ್ನೇ ಹಿಡಿದರೂ ಇನ್ನೊಂದು ಥರದ್ದನ್ನು ಜೊತೆಗೆ ಇಟ್ಟುಕೊಳ್ಳಿ. ಒಂದೇ ಥರದ ನೂರು ದಾಖಲೆಗಿಂತ ಎರಡು ಥರದ ಹತ್ತು ದಾಖಲೆ ಮೇಲು, ಇದು ನನ್ನ ಅನುಭವ.

ಸಮಯ ಕಡಿಮೆ ಇದ್ದರೆ ಯಾವುದನ್ನು ಮೊದಲು ಮಾಡಬೇಕು ಅಂತ ಕೇಳಿದರೆ ನಾನು ತಡಮಾಡದೆ ಹೇಳುತ್ತೇನೆ, ಮಾತು. ಬಂದಳಿಕೆಯ ಶಾಸನ ಸಾವಿರ ವರ್ಷ ಕಾದಿದೆ, ಇನ್ನೊಂದು ವರ್ಷ ಕಾಯುತ್ತದೆ. ಪತ್ರಾಗಾರದ ಫೈಲು ಸೋಮವಾರವೂ ಅಲ್ಲೇ ಇರುತ್ತದೆ. ನಾನು ಚಿಕ್ಕಜ್ಜಿಯ ಹತ್ತಿರ ಇನ್ನೂ ಕೇಳಬೇಕು ಅಂತ ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಹನ್ನೊಂದು ಪ್ರಶ್ನೆ ಉಳಿದಿತ್ತು. ಹೆಬ್ಬೆಟ್ಟು ಸಾಕು ಅಂದವರು ಯಾರು ಅನ್ನುವುದು ಅದರಲ್ಲಿ ಮೊದಲನೆಯದು. ಆ ದೀಪಾವಳಿಗೆ ಊರಿಗೆ ಹೋದಾಗ ಕೇಳೋಣ ಅಂದುಕೊಂಡಿದ್ದೆ. ಅವರು ಭಾದ್ರಪದದಲ್ಲೇ ಹೋಗಿಬಿಟ್ಟರು.